ತಾತನ ಮಾತು ಪುಸ್ತಕದಂಗಡೀಲಿತ್ತು

ಹಂಗಲ್ಲ ಪುಟ್ಟಿ, ತಾತಂಗೆ ಮಾತು ಹೋಗಿತ್ತು ಅಂತ ನಿಮ್ಮಮ್ಮ ಹೇಳ್ತಾಳೆ, ಎಲ್ಲರೂ ಹಂಗೇ ಅಂತಾರೆ, ಆದ್ರೆ ಮಾತು ಹೋಗಿರಲಿಲ್ಲ. ಕನ್ನಡ ಹೋಗಿತ್ತು. ಇಂಗ್ಲಿಷೂ ಹೋಯ್ತು ಅನ್ನು. ಉಳಿದಿದ್ದು ಅರಬ್ಬಿ. ನಾವು ಟ್ರಿಪೋಲೀಲಿದ್ವಲ್ಲ, ಲಿಬಿಯಾ ದೇಶದ ರಾಜಧಾನಿ ಅದು, ಇಲ್ಲಿ ನಮ್ಮನೆ ಹತ್ರದ ಪೋರ್ಟ್ ಕ್ರೆಡಿಟ್ ಥರಾನೇ ನೀರಿನ ದಂಡೆ, ಥರಾ ಅಂದ್ರೆ ಅಲ್ಲಿ ಸಮುದ್ರ, ಇಲ್ಲಿ ಲೇಕು, ಅಷ್ಟೇ ವ್ಯತ್ಯಾಸ. ತಾತ ಅಲ್ಲಿ ನೀರಿನ ಪೈಪ್‌ಲೈನ್ ಎಂಜಿನಿಯರು. ಶುಕ್ರವಾರ ರಜ. ಸಂಜೆ ಆಯ್ತು ಅಂದ್ರೆ ಯೂಸುಫ್ ಅನ್ನೋರ ಪುಸ್ತಕದಂಗಡಿಗೆ ಹೊರಟುಬಿಡೋರು. ಸಣ್ಣಂಗಡಿ, ನೆಲದಿಂದ ಸೂರಿನವರೆಗೂ ಪುಸ್ತಕ, ಕೂರಕ್ಕೆ ಎರಡು ಸ್ಟೂಲು. ಯೂಸುಫ್ ಮಕ್ಕಳ ಪುಸ್ತಕ ಇಟ್ಕೊಂಡು ಇವರಿಗೆ ಅಕ್ಷರ ಕಲಿಸಿದ್ರು, ಆಮೇಲೆ ಪೇಪರು, ಆಮೇಲೆ ಕಥೆ ಪುಸ್ತಕ. ನಾನು ಹೋಗ್ತಿರಲಿಲ್ಲ. ನಂಗೇನು ಕೆಲಸ ಅಲ್ಲಿ, ಒಂದಕ್ಷರ ಬರಲ್ಲ.

ಆಮೇಲೆ ಎರಡು ಸಾವಿರದ ಹತ್ತರಲ್ಲಿ, ಬೇಸಿಗೇಲಿ, ಅಲ್ಲ, ಬೇಸಿಗೆ ಮುಗೀತಾ ಬಂದಿತ್ತು, ಸ್ಟ್ರೋಕ್ ಆಯ್ತು. ಆಸ್ಪತ್ರೇಲಿ ಕಣ್ಣು ಬಿಟ್ಟೋರು ನರ್ಸ್ ಹತ್ರ ಅರಬ್ಬೀಲಿ ನೀರು ಕೇಳಿದ್ರು. ನಾನು, ರೀ, ಏನು ಬೇಕು ಅಂದ್ರೆ ಸುಮ್ನೆ ಮುಖ ನೋಡ್ತಾರೆ, ರೇಡಿಯೋ ಸ್ಟೇಷನ್ ಸರಿಯಾಗಿ ಸಿಗದೇ ಇದ್ದಾಗ ನೋಡ್ತೀವಲ್ಲ, ಹಂಗೆ. ಕೆಲವರಿಗೆ ಹಿಂಗಾಗುತ್ತೆ, ವಾಪಸ್ ಬಂದ್ರೂ ಬರಬಹುದು ಅಂದ್ರು ಡಾಕ್ಟ್ರು. ಬರಲಿಲ್ಲ. ಮನೇಲಿ ಇಬ್ಬರೇ. ನಾನು ಅನ್ನ ಕಲಸಿ ಕೊಡೋದು, ಅವರು ಏನೋ ಹೇಳೋದು, ನಾನು ತಲೆ ಆಡಿಸೋದು. ಅಳು ಬರ್ತಿತ್ತಾ ಅಂತ ಕೇಳಬೇಡ. ಬರ್ತಿರಲಿಲ್ಲ. ಏನೂ ಬರ್ತಿರಲಿಲ್ಲ.

ಕೊನೆಗೆ ಒಂದು ದಿನ ಟ್ಯಾಕ್ಸೀಲಿ ಕೂರಿಸ್ಕೊಂಡು ಯೂಸುಫ್ ಅಂಗಡಿಗೇ ಕರ್ಕೊಂಡ್ಹೋದೆ. ಆ ಮನುಷ್ಯ ಟೀ ತರಿಸಿ ಇವರ ಪಕ್ಕ ಕೂತ್ರು, ಇವರು ಶುರು ಮಾಡಿದ್ರು ನೋಡು, ನಿಧಾನವಾಗಿ, ತಡವರಿಸ್ಕೊಂಡು, ಮಾತು. ಯೂಸುಫ್ ನನ್ನ ಕಡೆ ತಿರುಗಿ ಇಂಗ್ಲಿಷಲ್ಲಿ ಹೇಳಿದ್ರು, "ಮೇಡಂ, ನೀವು ಸಣ್ಣಗಾಗಿದೀರಂತೆ. ಹೊಟ್ಟೆಗೆ ಏನು ತಿಂತೀರಿ ಅಂತ ಕೇಳ್ತಿದಾರೆ."

ಮದುವೆಯಾಗಿ ನಲವತ್ತು ವರ್ಷ ಆಗಿತ್ತು. ನನ್ನ ಗಂಡ ನನ್ನ ಕೇಳೋ ಮಾತು ಅಂಗಡಿಯೋರ ಬಾಯಲ್ಲಿ ಬಂತು. ಅನ್ನ ಸಾರು ತಿಂತೀನಿ ಅಂತ ಹೇಳಿ ಅಂದೆ.

ಅಲ್ಲಿಂದ ದಿನಾ ಹೋಗೋದೇ. ಅಂಗಡಿ ಮುಚ್ಚಿರೋ ದಿನ ಪಬ್ಲಿಕ್ ಲೈಬ್ರರಿಗೆ ಕರ್ಕೊಂಡು ಹೋಗೋರು ಯೂಸುಫ್. ದೊಡ್ಡ ಹಾಲು, ಎತ್ತರದ ಕಿಟಕಿಗಳು, ಪೇಪರ್ ಓದೋ ಮುದುಕರು. ಮಾತಾಡಬಾರದು ಅಲ್ಲಿ, ಆದ್ರೆ ಲೈಬ್ರರಿ ನೋಡ್ಕೊಳ್ಳೋರು ವಿಷಯ ತಿಳ್ಕೊಂಡು ನಮಗೆ ಮೂಲೇ ಟೇಬಲ್ ಬಿಟ್ಟಿದ್ರು. ಗಂಡ ಹೆಂಡತಿ ಅಲ್ಲಿ ಕೂತು ಮೂರನೇವರ ಮುಖಾಂತರ ಪಿಸುಪಿಸು ಅಂತ ಸಂಸಾರ ಮಾಡಿದ್ವಿ.

ಮುಂದಿನ ವರ್ಷ ಅಲ್ಲಿ ಸರ್ಕಾರದ ವಿರುದ್ಧ ಗಲಾಟೆ ಶುರುವಾಯ್ತು. ಗುಂಡಿನ ಸದ್ದು. ಲೈಬ್ರರಿಗೆ ಬೀಗ ಬಿತ್ತು, ಅಂಗಡಿ ಬೀದಿ ಪೂರ್ತಿ ಷಟರ್ ಎಳೆದರು. ನಮ್ಮ ದೇಶದೋರನ್ನೆಲ್ಲ ಹಡಗಲ್ಲಿ ಊರಿಗೆ ಕರ್ಕೊಂಡು ಹೋಗ್ತಾರೆ ಅಂತ ಸುದ್ದಿ ಬಂತು. ಯೂಸುಫೇ ಕಾರಲ್ಲಿ ಬಂದರಿನವರೆಗೂ ಬಿಟ್ಟರು. ಅಲ್ಲಿ ತಾತ ಅವರ ಕೈ ಹಿಡ್ಕೊಂಡು ಏನೇನೋ ಹೇಳಿದ್ರು, ತುಂಬಾ ಹೊತ್ತು. ಯೂಸುಫ್ ಏನೂ ತರ್ಜುಮೆ ಮಾಡಲಿಲ್ಲ. ನಾನೇ ಕೇಳಿದೆ.

"ಅಲ್ಲಿ ಹೋದಮೇಲೆ ನನ್ನ ಹೆಂಡತಿ ಹತ್ರ ನಾನು ಹೆಂಗೆ ಮಾತಾಡಲಿ ಅಂತಿದಾರೆ," ಅಂದ್ರು.

ಆಮೇಲೆ ಅವರ ಫೋನ್ ಹತ್ತಲೇ ಇಲ್ಲ. ಎಷ್ಟು ಸಲ ಮಾಡಿದೆ. ಇದಾರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಊರಿಂದ ಇಲ್ಲಿಗೆ, ನಿಮ್ಮನೆಗೆ ಬಂದ್ವಲ್ಲ, ಆಗ ನೀನಿನ್ನೂ ಕಿಂಡರ್‌ಗಾರ್ಟನ್ನು. ನಿಮ್ಮಪ್ಪ ಅಮ್ಮ ಆಫೀಸಿಗೆ ಹೋದ್ಮೇಲೆ ತಾತ ಕಿಟಕಿ ಹತ್ರ ಕೂತು ಅರಬ್ಬೀಲಿ ಕರೆಯೋರು, ಗೋಡೆಗೆ ಹೇಳಿದಂಗೆ. ಒಂದು ಚಳಿಗಾಲ ಹಿಂಗೇ ಹೋಯ್ತು. ಆಮೇಲೆ ನಿಮ್ಮಮ್ಮ ನಿನಗೆ ಪುಸ್ತಕ ತರೋಕ್ಕೆ ಎರಿನ್ ಮಿಲ್ಸ್ ಲೈಬ್ರರಿಗೆ ಹೊರಟಾಗ ಜೊತೇಲಿ ಹೋದೆ. ಅಲ್ಲೊಂದು ಶೆಲ್ಫ್ ಪೂರ್ತಿ ಅರಬ್ಬಿ. ಅಲ್ಲೇ ಸಮೀರಾ ಸಿಕ್ಕಿದ್ದು, ಮಕ್ಕಳಿಗೆ ಪುಸ್ತಕ ಆರಿಸ್ತಿದ್ಲು, ಇರಾಕಿನ ಹುಡುಗಿ. ಮನೆಗೆ ಬಂದು ತಾತನ ಹತ್ರ ಮಾತಾಡ್ತೀಯಾ ಅಂತ ಕೇಳೋಣ ಅಂತ ಹೋದೋಳು, ಬಾಯಿಂದ ಬಂದಿದ್ದೇ ಬೇರೆ. ನಂಗೆ ಕಲಿಸಮ್ಮ ಅಂದೆ. ಅರವತ್ತೇಳು ವರ್ಷ ಆಗ ನಂಗೆ. ಕಲಿತಿದ್ದು ನಿಲ್ಲಲಿಲ್ಲ, ಬೆಳಿಗ್ಗೆ ಕಲಿತರೆ ಕುಕ್ಕರ್ ಕೂಗೋ ಹೊತ್ತಿಗೆ ಮರೆತುಹೋಗೋದು. ಆದ್ರೂ ನಾಲ್ಕು ಮಾತು ಬಂತು.

ಒಂದು ಮಧ್ಯಾಹ್ನ, ಹೊರಗೆ ಸ್ನೋ ಬೀಳ್ತಿತ್ತು, ಕಿಟಕಿ ಹತ್ರದಿಂದ ತಾತ ಕೂಗಿದ್ರು, "ವೇನಿಕ್?" ಎಲ್ಲಿದೀಯ ಅಂತ. ನಾನು ಹೀರೇಕಾಯಿ ಹೆರೀತಿದ್ದೋಳು ಅಲ್ಲಿಂದಲೇ ಅಂದೆ, "ಅನಾ ಹುನಾ." ಇಲ್ಲೇ ಇದೀನಿ.

ಬಂದು ನೋಡಿದ್ರೆ ಕಣ್ಣಲ್ಲಿ ನೀರು. ನಂಗಲ್ಲ, ಅವರಿಗೆ. ಆಮೇಲೆ ಇಡೀ ದಿನ ಅದೇ, ಅವರು ಕೇಳೋದು, ನಾನು ಹೇಳೋದು. ಹೋದ ವರ್ಷ ಅವರು ತೀರ್ಕೊಳ್ಳೋ ತನಕ ಹಂಗೇ ನಡೀತು. ಅವರು ಹೋದ ದಿನಾನೂ ನಾನು ಅಳಲಿಲ್ಲ, ಬಂದೋರಿಗೆಲ್ಲ ಕಾಫಿ ಮಾಡಿಕೊಟ್ಟೆ.

ಅದಕ್ಕೇ ನಿನಗೆ ಕನ್ನಡ ಅರ್ಥ ಆದ್ರೂ ಮಾತಾಡಕ್ಕೆ ಬರಲ್ಲ ಅಂತ ನಾನು ಬೈಯಲ್ಲ. ಇಂಗ್ಲಿಷಲ್ಲೇ ಹೇಳು, ಅರ್ಥ ಆಗದೇ ಇದ್ರೆ ಇನ್ನೊಂದ್ಸಲ ಕೇಳ್ತೀನಿ. ಮನೇಲಿರೋರು ಕರೆದಾಗ ಓ ಅನ್ನಬೇಕು, ಯಾವ ಭಾಷೇಲಾದ್ರೂ ಸರಿ. ನೋಡು, ನಿಮ್ಮಮ್ಮ ಕರೀತಿದಾಳೆ. ಓ ಅನ್ನು.