ಖರೀಫ್ ಮುಗಿಯುವತನಕ

ಸೂಗಮ್ಮ ಗಂಡ ಹುಲಿಗೇಶ, ವಯಸ್ಸು 32 ವರ್ಷ, ಉದ್ಯೋಗ: ಮನೆಯಲ್ಲಿ ಹೊಲಿಗೆ ಕೆಲಸ, ಓದು: ಆರನೇ ತರಗತಿ ಅರ್ಧಕ್ಕೆ ಬಿಟ್ಟಿದ್ದು, ವಾಸ: ಬಸ್ ನಿಲ್ದಾಣದ ಹಿಂದಿನ ಓಣಿ, ದೇವದುರ್ಗ, ಜಿಲ್ಲಾ ರಾಯಚೂರು.

ಈ ಮೂಲಕ ತಿಳಿಸುವುದೇನೆಂದರೆ, ಪಕ್ಕದ ಮನೆಯ ಅಲ್ತಾಫನ ಮೇಲೆ ನಿನ್ನೆ ನಾನು ಕೊಟ್ಟ ದೂರಿನ ಬಗ್ಗೆ ಇಂದು ಮತ್ತೆ ಹೇಳಿಕೆ ಕೊಡುತ್ತಿದ್ದೇನೆ. ಅಲ್ತಾಫನು ಒಮಾನ್ ದೇಶದ ಸಲಾಲಾ ಎಂಬ ಊರಿನ ಹೋಟೆಲ್‌ನಲ್ಲಿ ಅಡುಗೆಯವನು. ತಾಯಿಯ ಕಣ್ಣಿನ ಆಪರೇಷನ್‌ಗೆಂದು ರಜೆಯ ಮೇಲೆ ಬಂದಿದ್ದು, ನಾಳೆ ಹೈದರಾಬಾದಿನಿಂದ ಅವನ ವಿಮಾನ ಇರುತ್ತದೆ. ನನ್ನ ಗಂಡನಿಗೆ ಅದೇ ಹೋಟೆಲ್‌ನಲ್ಲಿ ಮೂರು ತಿಂಗಳ ಸೀಸನ್ ಕೆಲಸ ಕೊಡಿಸಿದವನು ಅವನೇ.

ಜೂನ್ ತಿಂಗಳಲ್ಲಿ ಗಂಡನು ಹೋದನು. ನಾನು ಕಳಿಸಿ ಬಂದದ್ದು ರಾಯಚೂರು ಸ್ಟೇಷನ್ನಿನ ತನಕ ಮಾತ್ರ, ವಿಮಾನ ನೋಡಿಲ್ಲ. ಏನು ಕೆಲಸ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಹಾಸಿಗೆ ಹಾಸುತ್ತೇನೆ ಅಂದನು. ಹೋಟೆಲ್‌ನಲ್ಲಿ ಹಾಸಿಗೆ ಯಾಕೆ ಅಂತ ನನಗೆ ಸಂಶಯ ಬಂತು. ಮಾನ್ವಿಯಲ್ಲಿ ಹೋಟೆಲ್ ಇಟ್ಟಿರುವ ನನ್ನ ತಮ್ಮ ಅಂಬರೀಶನಿಗೆ ಕೇಳಿದೆ. ಅವನು, "ಯಕ್ಕಾ, ಹತ್ತು ವರ್ಷ ಆತು ಇಡ್ಲಿ ವಡಾ ಮಾಡಾಕತ್ತಿ, ಒಬ್ಬ ಗಿರಾಕಿಗೂ ಹಾಸಿಗಿ ಹಾಸಿಲ್ಲ" ಅಂತ ಹೇಳಿದನು. ಅಂದಿನಿಂದ ಊಟ ಸೇರಲಿಲ್ಲ.

ಮೊನ್ನೆ ರವಿವಾರ ವಿಡಿಯೋ ಕಾಲ್‌ನಲ್ಲಿ ಗಂಡನ ಹಿಂದೆ ಹಸಿರು ಗುಡ್ಡ, ತುಂತುರು ಮಳೆ, ತೆಂಗಿನ ಮರ, ಬಾಳೆಹಣ್ಣಿನ ಅಂಗಡಿ ಕಂಡವು. ಅರಬರ ದೇಶ ಅಂದರೆ ಬರೀ ಮರಳು ಅಂತ ಕೇಳಿದ್ದೆ. ಊರಿಗೆ ಯಾವಾಗ ಬರುವುದು ಅಂದದ್ದಕ್ಕೆ, "ಖರೀಫ್ ಮುಗಿಯಾತನಕ ಬಿಡಂಗಿಲ್ಲ" ಅಂದನು. ಅಷ್ಟರಲ್ಲಿ ಫೋನ್ ಕಟ್ಟಾಯಿತು. ನಮ್ಮ ಕಡೆ ಖರೀಫ್ ಅಂದರೆ ಮುಂಗಾರು ಬೆಳೆ. ಅಲ್ತಾಫನು ನನ್ನ ಗಂಡನನ್ನು ಕೇರಳದ ಕಡೆ ಯಾರದೋ ತೋಟದಲ್ಲಿ ದುಡಿಯಲು ಹಾಕಿದ್ದಾನೆ ಅಂತ ತಿಳಿದು, ಹೆದರಿ ದೂರು ಕೊಟ್ಟೆ.

ಇಂದು ಬೆಳಿಗ್ಗೆ ಅಲ್ತಾಫನನ್ನು ಠಾಣೆಗೆ ಕರೆಸಿದರು. ದೂರು ಉಳಿದರೆ ಅವನು ನಾಳೆ ಹೋಗಲು ಆಗುವುದಿಲ್ಲ, ಕೆಲಸವೂ ಹೋಗಬಹುದು ಅಂತ ಆಗ ನನಗೆ ಗೊತ್ತಾಯಿತು. ಅವನ ತಾಯಿ ನೂರ್ ಬೀ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಲ್ಲಿ ಬಂದರು. ಬೈಯಲಿಲ್ಲ. "ನಂಗ ಒಂದ್ ಮಾತ್ ಕೇಳಿದ್ರ ಆಗ್ತಿತ್ತಲ್ಲ ಬೇಟಿ, ನಡುವ ಇರೋದು ಒಂದ ಗ್ವಾಡಿ" ಅಂತ ಅಷ್ಟೇ ಅಂದರು.

ಹೆಡ್ ಕಾನ್‌ಸ್ಟೆಬಲ್ ಪ್ರಭುರಾಜ ಅವರು ನನ್ನ ಫೋನಿನಿಂದಲೇ ಗಂಡನಿಗೆ ವಿಡಿಯೋ ಕಾಲ್ ಮಾಡಿಸಿದರು. ಅಲ್ಲಿ ಖರೀಫ್ ಅಂದರೆ ಮಳೆ, ಮಂಜಿನ ದಿನಗಳು, ಅದನ್ನು ನೋಡಲು ಬಿಸಿಲು ಸೀಮೆಯ ಜನ ಬರುತ್ತಾರೆ, ಹೋಟೆಲ್ ನಮ್ಮ ಲಾಡ್ಜ್ ಇದ್ದ ಹಾಗೆ ಅಂತ ಗಂಡನು ತಿಳಿಸಿದನು. ತಾನು ಹಾಸಿದ ಹಾಸಿಗೆಯನ್ನೂ ತೋರಿಸಿದನು. ಒಂದು ಸುಕ್ಕೂ ಇರಲಿಲ್ಲ. ಮನೆಯಲ್ಲಿ ಒಂದು ದಿನವೂ ತಾನು ಹೊದ್ದ ಕೌದಿ ಮಡಚಿದವನಲ್ಲವಾದ್ದರಿಂದ ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಹಾಗೆಂದದ್ದಕ್ಕೆ, "ತಡಿ, ಹೊರಗ ಬರ್ತೀನಿ" ಅಂತ ಫೋನ್ ಹಿಡಿದು ರಸ್ತೆಗೆ ಬಂದನು. ಆಗ ಮಂಜಿನೊಳಗಿಂದ ಒಂಟೆಗಳು ಒಂದರ ಹಿಂದೆ ಒಂದು ಬಂದು ರಸ್ತೆಯ ನಡುವೆ ನಿಂತವು. ಕಾರುಗಳು ಕಾದು ನಿಂತವು.

ಪ್ರಭುರಾಜ ಅವರು, "ಏನವ್ವಾ, ಕೇರಳದಾಗ ಒಂಟಿ ಅದಾವೇನು?" ಅಂತ ಕೇಳಿದರು. ಇಲ್ಲ ಅಂತ ಒಪ್ಪಿಕೊಂಡೆ. ಅಲ್ತಾಫನೂ ನಕ್ಕನು. ಗಂಡನ ಮುಖ ಮೊದಲಿಗಿಂತ ತುಂಬಿಕೊಂಡಿತ್ತು, ಅದನ್ನು ಆಗ ನೋಡಿದೆ.

ಆದ್ದರಿಂದ ನನ್ನ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅಲ್ತಾಫನನ್ನು ನಾಳೆ ಹೋಗಲು ಬಿಡಬೇಕು. ನೂರ್ ಬೀ ಅವರ ಕಣ್ಣಿಗೆ ಔಷಧದ ಹನಿ ಇನ್ನು ಮುಂದೆ ನಾನೇ ಹಾಕುತ್ತೇನೆ. ಮಂದಿಗೆ ಹಾಸಿಗೆ ಹಾಸುವವನು ತಾನು ಏನು ಹೊದ್ದು ಮಲಗುತ್ತಾನೆ ಅಂತ ಕೇಳಲು ಮರೆತೆ. ಮಂಜು ಬಹಳ ಇತ್ತು. ಅದಕ್ಕೆ ಅಲ್ತಾಫನ ಕೈಯಲ್ಲಿ ಒಂದು ಕೌದಿ ಕಳಿಸುತ್ತಿದ್ದೇನೆ, ಒಯ್ಯುತ್ತೇನೆ ಅಂತ ಒಪ್ಪಿದ್ದಾನೆ.

ನಾನು ಹೇಳಿದ್ದನ್ನು ಪ್ರಭುರಾಜ ಅವರು ಬರೆದುಕೊಂಡು ನೂರ್ ಬೀ ಎದುರಿಗೇ ಓದಿ ಹೇಳಿದರು. ಎಲ್ಲವೂ ಸರಿ ಮತ್ತು ನಿಜ ಇರುತ್ತದೆ.

ಸ್ಥಳ: ದೇವದುರ್ಗ
ದಿನಾಂಕ: 12-08-2025
ಸಹಿ: ಸೂಗಮ್ಮ