ಖುಶನುಮಾ ಮೇಡಂ ತಿದ್ದಿದ ಐದು ಅಂಕದ ಉತ್ತರ

ಮಾನ್ಯ ಪ್ರಾಚಾರ್ಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ತಾಯಿ ಕಾಸಿಂಬಿ ಅಮ್ಮನವರೇ, ಮೇಡಂ ಅವರ ತಮ್ಮ ನಾಸೀರ ಅವರೇ, ಇಳಕಲ್ಲು, ಬಾದಾಮಿ, ಬಾಗಲಕೋಟೆ ಕಡೆಯಿಂದ ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಎಲ್ಲರಿಗೂ ಈ ದೇವಪ್ಪ ಮಾಸ್ತರನ ನಮಸ್ಕಾರ.

ಕುರ್ಚಿ ಸಾಲದೆ ಎಷ್ಟೋ ಜನ ಗೋಡೆಗೆ ಆನಿಕೊಂಡು ನಿಂತಿದ್ದೀರಿ. ಬಾಗಿಲ ಹೊರಗೂ ತಲೆಗಳು ಕಾಣುತ್ತಿವೆ. ಹೇಳಿಬಿಡುತ್ತೇನೆ — ಇದನ್ನು ನೋಡಿಯೂ ನನಗೆ ಹೊಟ್ಟೆ ಉರಿಯಿತು. ನಾನು ಸತ್ತರೆ ಇಷ್ಟು ಜನ ಬರುವುದಿಲ್ಲ. ನಗಬೇಡಿ, ಖರೆ ಮಾತು.

ಖುಶನುಮಾ ಮೇಡಂ ಮತ್ತು ನಾನು ಈ ಹುನಗುಂದದ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಜೊತೆಗಿದ್ದೆವು. ಒಂದೇ ಸ್ಟಾಫ್ ರೂಮು, ಒಂದೇ ಭೌತಶಾಸ್ತ್ರ, ಎದುರುಬದುರು ಮೇಜು. ಆ ಹತ್ತೊಂಬತ್ತರಲ್ಲಿ ಹದಿನೆಂಟು ವರ್ಷ ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಉಳಿದ ಒಂದು ವರ್ಷ ಅವರು ಬಿ.ಎಡ್. ಮಾಡಲು ರಜೆಯ ಮೇಲಿದ್ದರು.

ಯಾಕೆ ಹೊಟ್ಟೆಕಿಚ್ಚು? ಅವರು ಉತ್ತರಪತ್ರಿಕೆ ತಿದ್ದುವ ರೀತಿಗೆ. ನಾನು ತಿದ್ದಿದರೆ ಕೆಂಪು ಅಂಕಿ, ಕೆಂಪು ಗೆರೆ, ಮುಗಿಯಿತು. ಏಕಮಾನ ಬರೆದಿಲ್ಲವೇ — ಅರ್ಧ ಅಂಕ ಖೋತಾ. ಸೂತ್ರ ಇಲ್ಲವೇ — ಸೊನ್ನೆ. ಅರ್ಧ ದಿನದಲ್ಲಿ ಒಂದು ಕಟ್ಟು ಮುಗಿಸುತ್ತಿದ್ದೆ. ಮೇಡಂಗೆ ಒಂದು ವಾರ ಬೇಕು. ಹುಡುಗರ ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿತೋ ಅಲ್ಲಿ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಎರಡು ಮಾತು. ಅವರ ಮೇಜಿನ ಸುತ್ತ ಯಾವಾಗಲೂ ಗುಂಪು. ಒಮ್ಮೆ ನನ್ನ ಕಿವಿಗೇ ಬಿತ್ತು, ಒಬ್ಬ ಹುಡುಗಿ ಇನ್ನೊಬ್ಬಳಿಗೆ ಹೇಳುತ್ತಿದ್ದಳು — "ದೇವಪ್ಪ ಸರ ಎಷ್ಟ ಕಡಿಮಿ ಬಿತ್ತು ಅಂತ ಹೇಳ್ತಾರ. ಮೇಡಂ ಯಾಕ ಬಿತ್ತು ಅಂತ ಹೇಳ್ತಾರ."

ಬಾಗಲಕೋಟೆಯ ಮೌಲ್ಯಮಾಪನ ಕೇಂದ್ರದಲ್ಲೂ ಅದೇ ಕಥೆ. ಸೇವೆಯಲ್ಲಿ ಅವರಿಗಿಂತ ಆರು ವರ್ಷ ಹಿರಿಯ ನಾನು ಪಕ್ಕದಲ್ಲೇ ಕುಳಿತಿರುತ್ತಿದ್ದೆ. ವಿಚಿತ್ರ ಉತ್ತರ ಬಂದರೆ ಎಲ್ಲರೂ ನನ್ನನ್ನು ದಾಟಿ ಹೋಗಿ, "ಮೇಡಂ, ಇದಕ್ಕ ಎಷ್ಟ ಕೊಡೂಣ್ರಿ?" ಎನ್ನುತ್ತಿದ್ದರು. ನನ್ನನ್ನು — ದಾಟಿ — ಹೋಗಿ.

ಅದನ್ನೂ ನುಂಗಿದ್ದೆ. ಆದರೆ ಐದು ವರ್ಷದ ಹಿಂದೆ ನನ್ನ ಸ್ವಂತ ಮಗಳು ರಾಧಿಕಾ ದ್ವಿತೀಯ ಪಿಯುಸಿಯಲ್ಲಿದ್ದಳು. ಭಾನುವಾರ ಬಂದರೆ ಇಳಕಲ್ಲಿಗೆ ಗೆಳತಿಯ ಮನೆಗೆ ಎಂದು ಹೊರಡುತ್ತಿದ್ದಳು. ಒಂದು ದಿನ ಕ್ಯಾಲ್ಕುಲೇಟರ್ ಬೇಕಾಗಿ ಅವಳ ಚೀಲ ತೆರೆದೆ. ಒಳಗೆ ಒಂದು ಉತ್ತರಪತ್ರಿಕೆ. ಬರೆದವಳು ನನ್ನ ಮಗಳು. ತಿದ್ದಿದ ಅಕ್ಷರ — ನನಗೆ ಗೊತ್ತಿಲ್ಲದ ಅಕ್ಷರವೇ ಅದು? ಒಂದು ಉತ್ತರದ ನಡುವೆ ಚುಕ್ಕೆ ಇಟ್ಟು ಮೇಡಂ ಬರೆದಿದ್ದರು: "ಇಲ್ಲಿತನಕ ಖರೆ ಐತಿ. ಇಲ್ಲಿಂದ ನೀ ಅಂಜೀದಿ. ಯಾರಿಗೆ ಅಂಜೀದಿ?"

ಮನೆಯಲ್ಲಿ ಭೌತಶಾಸ್ತ್ರದ ಉಪನ್ಯಾಸಕ ಇದ್ದಾನೆ. ಮಗಳು ಕದ್ದು ಹೋಗಿ ಇನ್ನೊಬ್ಬರ ಹತ್ತಿರ ಉತ್ತರ ತಿದ್ದಿಸುತ್ತಾಳೆ! ಸಿಕ್ಕ ಬಸ್ಸು ಹತ್ತಿ ಇಳಕಲ್ಲಿಗೆ, ಮೇಡಂ ಮನೆಗೆ ಹೋದೆ. ಕಾಸಿಂಬಿ ಅಮ್ಮನವರಿಗೆ ನೆನಪಿರಬೇಕು — ಬಾಗಿಲಲ್ಲೇ ನಿಂತು ಕೂಗಾಡಿದೆ.

"ನನ್ನ ಮಗಳಿಗೆ ಫಿಜಿಕ್ಸ್ ಹೇಳಾಕ ನಾ ಸತ್ತೀನೇನ್ರಿ?"

"ಒಳಗ ಬರ್ರಿ ಸರ್. ಚಾ ಕುಡೀರಿ."

"ಚಾ ಬ್ಯಾಡ. ಹೇಳ್ರಿ ನನಗ!"

ಅವರು ರಾಧಿಕಾಳ ಉತ್ತರಕ್ಕೆ ಚುಕ್ಕೆ ಬಿದ್ದಿದ್ದ ಆ ಐದು ಅಂಕದ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಒಂದು ಬಿಳಿ ಹಾಳೆ. "ಇದನ್ನ ನೀವು ಬರೀರಿ ಸರ್. ನಾ ತಿದ್ತೇನಿ."

ತೋರಿಸಿಯೇ ಬಿಡುತ್ತೇನೆ ಎಂದು ಪೆನ್ನು ತೆಗೆದೆ. ಎರಡು ಹಳಿಗಳ ಮೇಲೆ ಒಂದು ಲೋಹದ ಸರಳು, ಸುತ್ತ ಕಾಂತಕ್ಷೇತ್ರ. ಸರಳನ್ನು ಒಂದೇ ವೇಗದಲ್ಲಿ ಎಳೆಯಲು ಎಷ್ಟು ಬಲ ಬೇಕು? ಹಳಿಗೆ ಜೋಡಿಸಿದ ತಂತಿ ಬಿಸಿಯಾಗುತ್ತದೆ, ಆ ಶಾಖ ಎಲ್ಲಿಂದ ಬಂತು? ಸೂತ್ರ, ಸೂತ್ರ, ಸೂತ್ರ — ನಾಲ್ಕು ನಿಮಿಷದಲ್ಲಿ ಬರೆದು ಹಾಳೆಯನ್ನು ಅವರ ಕಡೆ ತಳ್ಳಿದೆ.

ಮೇಡಂ ನಿಧಾನವಾಗಿ ಓದಿದರು. ಕೊನೆಗೆ ಅಂಕ ಹಾಕಿದರು. ಎರಡೂವರೆ.

"ಎರಡೂವರಿ?" ಅಂದೆ.

"ಬಲ ಪಾಯಿಂಟ್ ಒಂದು ಅಂತ ಬರದೀರಿ. ನ್ಯೂಟನ್ ಎಲ್ಲೈತ್ರಿ ಸರ್? ಅರ್ಧ ಹೋತು. ಶಾಖ ವಿದ್ಯುತ್ತಿನಿಂದ ಬಂತು ಅಂದು ಅಲ್ಲಿಗೇ ಬಿಟ್ಟೀರಿ, ಎರಡು ಹೋತು. ಆ ವಿದ್ಯುತ್ತು ಎಲ್ಲಿಂದ ಬಂತು? ಸರಳು ಎಳಿಯೂ ಕೈ ದುಡದದ್ದರಿಂದ ಬಂತು. ಆ ದುಡಿಮಿನೇ ಶಾಖ ಆಕ್ಕೈತಿ. ಈ ಮಾತು ನಿಮ್ಮ ಮಗಳು ಬರದಿದ್ಲು. ಬರದು, ಹೊಡದು ಹಾಕ್ಯಾಳ. ಯಾಕವ್ವಾ ಅಂತ ಕೇಳಿದ್ರ, ಸೂತ್ರ ಇಲ್ಲದ ಮಾತಿಗೆ ಅಪ್ಪ ಅಂಕ ಕೊಡೂದಿಲ್ಲ ಅಂದ್ಲು."

ಆಗ ಕಾಸಿಂಬಿ ಅಮ್ಮ ಚಹಾ ತಂದಿಟ್ಟರು. ಕುಡಿದೆ. ಬೇರೆ ಏನು ಮಾಡುವುದು?

ಮನೆಗೆ ಬಂದು ಮಗಳಿಗೆ, "ಮುಂದಿನ ಐತವಾರದಿಂದ ಹೇಳಿ ಹೋಗು" ಅಂದೆ.

ಅವಳು ನನ್ನ ಮುಖ ನೋಡಿದಳು. "ಸಿಟ್ಟಿಲ್ಲೇನಪ್ಪಾ?"

"ಐತಿ" ಅಂದೆ.

ಇತ್ತು, ಹೋಗಿರಲಿಲ್ಲ. ಫಲಿತಾಂಶ ಬಂದ ದಿನ ಅವಳಿಗೆ ಭೌತಶಾಸ್ತ್ರದಲ್ಲಿ ತೊಂಬತ್ತಮೂರು. ನಾನು ಪೇಡೆ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದೇನೆ. ಅವಳು ಮೊದಲು ಫೋನು ಮಾಡಿದ್ದು ಮೇಡಂಗೆ.

ಈ ಜನವರಿಯಲ್ಲಿ ಮೇಡಂ ಬಾಗಲಕೋಟೆಯ ದವಾಖಾನೆ ಸೇರಿದರು. ರಕ್ತದ ಕಾಯಿಲೆ, ಬಹಳ ಮುಂದುವರಿದಿತ್ತು. ನೋಡಲು ಹೋದರೆ ಮಂಚದ ಪಕ್ಕದಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಕಟ್ಟು — ನಲವತ್ತೊಂದು ಉತ್ತರಪತ್ರಿಕೆ. ಸಲೈನ್ ಹಚ್ಚಿದ ಬಲಗೈ ಬಾತುಹೋಗಿತ್ತು. "ಸರ್, ನಾ ಹೇಳ್ತೇನಿ, ನೀವು ಬರೀರಿ" ಅಂದರು.

ಮೂರು ದಿನ ಅವರು ಹೇಳಿದರು, ನಾನು ಬರೆದೆ. ಮೂವತ್ತು ಮುಗಿದವು. ನಾಲ್ಕನೆಯ ದಿನ ಹೋದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ನಾಸೀರ ಅವರು, "ಇಟ್ಟು ಹೋಗ್ರಿ ಸರ್, ಅಕ್ಕ ಮಾತಾಡವಲ್ಲಳು" ಅಂದರು. ನಾನು ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಉಳಿದ ಹನ್ನೊಂದನ್ನು ತೆಗೆದುಕೊಂಡೆ.

ಅದರಲ್ಲಿ ನಮ್ಮ ಹಾಸ್ಟೆಲಿನ ರಮಾಬಾಯಿಯ ಪತ್ರಿಕೆ ಇತ್ತು. ಕೆಂಪು ಬೆಳಕು ಎಷ್ಟೇ ಜೋರಿದ್ದರೂ ಲೋಹದಿಂದ ಎಲೆಕ್ಟ್ರಾನ್ ಹೊರಗೆ ಬರುವುದಿಲ್ಲ, ಮಂದ ನೀಲಿ ಬೆಳಕಿಗೆ ಬರುತ್ತದೆ, ಯಾಕೆ? ಅವಳು ಸೂತ್ರ ಬರೆದಿರಲಿಲ್ಲ. "ಸಣ್ಣ ಸಣ್ಣ ಹಳ್ಳು ಎಷ್ಟು ಒಗೆದರೂ ಬಾಗಿಲು ಮುರಿಯುವುದಿಲ್ಲ, ಒಂದು ದೊಡ್ಡ ಕಲ್ಲು ಸಾಕು" ಎಂದು ಬರೆದಿದ್ದಳು. ನನ್ನ ಕೈ ಅಭ್ಯಾಸದಂತೆ ಸೊನ್ನೆ ಹಾಕಲು ಹೋಯಿತು. ನಿಲ್ಲಿಸಿದೆ. ಅವಳ ಸಾಲನ್ನು ಇನ್ನೊಮ್ಮೆ ಓದಿದೆ. ಆಮೇಲೆ ಎರಡು ಅಂಕ ಹಾಕಿ ಪಕ್ಕದಲ್ಲಿ ಬರೆದೆ: "ತಿಳದು ಬರದೀದಿ. ಸೂತ್ರ ನಾಳೆ ಕಲಿ, ಈ ತಿಳುವಳಿಕಿ ಬಿಡಬ್ಯಾಡ."

ಬರೆದದ್ದು ಸರಿಯೋ ತಪ್ಪೋ, ಅವರಿಗೆ ತೋರಿಸಬೇಕು ಅನ್ನಿಸಿತು. ಒಳಗೆ ಹೋದೆ. "ಮೇಡಂ, ಇದೊಂದು ನೋಡ್ರಿ" ಅಂದೆ. ಕಣ್ಣು ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ನಾಸೀರ ಅವರ ಫೋನು ಬಂತು.

ಒಂಬತ್ತು ದಿನದ ಹಿಂದೆ ಆ ಪತ್ರಿಕೆಗಳನ್ನು ತರಗತಿಯಲ್ಲಿ ಹಂಚಿದೆ. ಎಲ್ಲವನ್ನೂ ಮೇಡಂ ಹೇಳಿ ಬರೆಸಿದ್ದಾರೆ ಎಂದೇ ಹುಡುಗರು ತಿಳಿದಿದ್ದರು. ರಮಾಬಾಯಿ ನನ್ನ ಹತ್ತಿರ ಬಂದಳು. ಕಣ್ಣಲ್ಲಿ ನೀರು. "ಸರ್, ಮೇಡಂ ಕಡೀಕ ನನಗ ಹೇಳಿದ ಮಾತ್ರಿ ಇದು. ಫ್ರೇಮ್ ಹಾಕಸ್ತೇನ್ರಿ."

ಅದು ನಾ ಬರದದ್ದವ್ವಾ — ನಾಲಗೆಯ ತುದಿಗೆ ಬಂದಿತ್ತು. ನನ್ನ ಇಪ್ಪತ್ತೈದು ವರ್ಷದ ನೌಕರಿಯಲ್ಲಿ, ನಾನು ಬರೆದದ್ದಕ್ಕೆ ಫ್ರೇಮ್ ಹಾಕಿಸುತ್ತೇನೆ ಎಂದವಳು ಇವಳೊಬ್ಬಳೇ. ಬಾಯಿ ಮುಚ್ಚಿಕೊಂಡೆ. "ಹೌದವ್ವಾ, ಮೇಡಂ ಹೇಳಿದ್ದು" ಅಂದೆ.

ಒಂಬತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡೆ. ಈಗ ನೋಡಿ — ಕೈಗೆ ಮೈಕು ಸಿಕ್ಕ ಕೂಡಲೇ ಊರಿಗೆಲ್ಲ ಹೇಳಿಬಿಟ್ಟೆ! ಇಷ್ಟೇ ನನ್ನ ಯೋಗ್ಯತೆ. ಸತ್ತವರಿಗೆ ಒಂದು ಸಾಲು ಬಿಟ್ಟುಕೊಡಲು ಆಗಲಿಲ್ಲ.

ರಮಾಬಾಯಿ, ಅಲ್ಲಿ ಕಂಬದ ಹತ್ತಿರ ನಿಂತಿದ್ದೀಯ, ಕಾಣುತ್ತಿದೆ. ಅಳಬೇಡ ತಂಗಿ. ಫ್ರೇಮ್ ಹಾಕಿಸು. ಕೆಳಗೆ ಖುಶನುಮಾ ಮೇಡಂ ಹೆಸರನ್ನೇ ಬರೆಸು. ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಮ್ಮ, ನೀವು ಕುಳಿತಿರಿ, ಪರವಾಗಿಲ್ಲ. ಹೊರಗೆ ನಿಂತವರು ಒಳಗೆ ಬನ್ನಿ, ಜಾಗ ಮಾಡಿಕೊಡುತ್ತೇವೆ. ಒಂದು ನಿಮಿಷ — ಯಾರೂ ಮಾತನಾಡಬೇಡಿ. ನಾನೂ ಆಡುವುದಿಲ್ಲ.