ಮಗ್ಗಕ್ಕೆ ಅಂಟಿಸಿದ ಮೇಣದಬತ್ತಿ

“ಹಲೋ… ಹಾಂ, ಯಾರು ಮಾತಾಡೋದು? ಹೊಸ ನಂಬರ್ ಐತಲ್ಲ…”

“ಓ, ಸ್ವಪ್ನಾ! ನಿಮ್ಮವ್ವನ ಫೋನಾ? ಚಳ್ಳಕೆರೆಗೆ ಹೋಗಿ ನಾಕು ದಿನ ಆತು, ಈ ವಾರಗಿತ್ತಿ ನೆನಪು ಈಗ ಬಂತಾ? ಊಟ ಆತಾ…”

ಗಂಗಲಕ್ಷ್ಮಿ ನಗುತ್ತಲೇ ಫೋನನ್ನು ಎಡಗೈಗೆ ಬದಲಿಸಿಕೊಂಡಳು. ಮೊಳಕಾಲ್ಮೂರಿನ ಆ ಮನೆಯಲ್ಲಿ ಹದಿನೆಂಟು ವರ್ಷ ರೇಷ್ಮೆ ಸೀರೆ ನೇಯ್ದ ಬಲಗೈ ಈಗ ಒಂದು ಲೋಟವನ್ನೂ ಹಿಡಿಯುವಂತಿರಲಿಲ್ಲ.

“ಕೈಯಾ? ಬೊಬ್ಬೆ ಒಡೆದೈತೆ, ಮಾಯ್ತೈತೆ ಬಿಡು. ಉರಿಯೋ ಮೇಣದಬತ್ತೀನ ಬರಿಗೈಲಿ ಹಿಚುಕಿದ್ರೆ ಇನ್ನೇನಾಗ್ತೈತೆ? ಕೂದ್ಲು ಸುಟ್ಟಂಗೆ ವಾಸನೆ ಬಂತು, ಹಿತ್ತಲಿಂದ ಓಡಿ ಬಂದೆ. ಮಗ್ಗದ ಎಳೆಗೆ ಬೆಂಕಿ ತಾಕಿತ್ತು…”

“ಅಯ್ಯೋ, ಅಳಬ್ಯಾಡ. ಕರೆಂಟ್ ಹೋಗಿತ್ತು, ಎಳೆ ಕಡಿದಿತ್ತು, ಗಂಟು ಹಾಕಾಕೆ ಬೆಳಕು ಬೇಕಿತ್ತು. ನೀನು ಬತ್ತೀನ ಮಗ್ಗದ ಮರಕ್ಕೇ ಅಂಟಿಸಿ, ಹಂಗೇ ಬಿಟ್ಟು ಎದ್ದು ಹೋದೆ. ಕಲಿಯೋವಾಗ ತಪ್ಪಾಗ್ತೈತೆ. ನಿನ್ನ ಬೈಬಾರ್ದು ಅಂತಾನೇ ಸಾವ್ಕಾರ್ರಿಗೆ ನಾನೇ ಇಟ್ಟಿದ್ದು ಅಂದೆ…”

ಅಂದದ್ದೇನೋ ಅಂದಿದ್ದಳು. ರೇಷ್ಮೆ ಕೊಡುವ ಸಾವ್ಕಾರ ಪಾಲಾಕ್ಷಪ್ಪ ಅರ್ಧ ನೇಯ್ದ ಧಾರೆ ಸೀರೆಯ ಗತಿ ನೋಡಿ, ಇನ್ನು ನಿನಗೆ ಒಂದೆಳೆಯನ್ನೂ ಕೊಡುವುದಿಲ್ಲವೆಂದು ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದರು. ಸಿಟ್ಟು ಇಳಿದರೆ ತಾವೇ ಬರುತ್ತಾರೆಂದು ಗಂಗಲಕ್ಷ್ಮಿ ಖಾಲಿ ಮಗ್ಗದ ಧೂಳು ಒರೆಸಿಕೊಂಡು ಕಾಯುತ್ತಿದ್ದಳು.

“ಹಾಂ? ಯಾರು, ಪಾಲಾಕ್ಷಪ್ಪೋರಾ? ನಿಂಗ್ಯಾಕೆ ಫೋನ್ ಮಾಡಿದ್ರು…”

“ಮಗ್ಗಕ್ಕೆ ನೀನು ಕೂರ್ಬೇಕಂತಾ? ನನ್ ಮಗ್ಗಕ್ಕಾ…”

“ಸರಿ, ನೀನೇನಂದೆ… ಸ್ವಪ್ನಾ, ನೀನೇನಂದೆ ಅಂತ ಕೇಳ್ತಿದ್ದೀನಿ…”

“ಹೂಂ ಅಂದ್ಯಾ…”

“ಮತ್ತೆ ಬೆಂಕಿ ವಿಷ್ಯ ಕೇಳ್ಲಿಲ್ವಾ ಅವ್ರು… ಏನು? ತಟ್ಟೇಲಿ ನೀರು ಹಾಕಿ ಮಧ್ಯೆ ಬತ್ತಿ ನಿಲ್ಲಿಸ್ಬೇಕು, ಮಗ್ಗದಿಂದ ದೂರ ನೆಲದ ಮೇಲೆ ಇಡ್ಬೇಕು, ಎದ್ದು ಹೋಗೋವಾಗ ಆರಿಸ್ಬೇಕು ಅಂದ್ಯಾ? ಅಲ್ವೇ, ಅವೆಲ್ಲಾ ನಾನು ನಿಂಗೆ ಹೇಳಿದ ಮಾತಲ್ವಾ…”

“ಆಮೇಲೆ… ಅಕ್ಕಂಗೆ ಎಷ್ಟು ಸಲ ಹೇಳಿದ್ರೂ ಕೇಳ್ಲಿಲ್ಲ ಅಂದ್ಯಾ…”

ಕೈ ಸುಟ್ಟಾಗ ಅಳದವಳು ಈಗ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ತಪ್ಪನ್ನು ಇಲ್ಲಿ ಇಳಿಸಿ, ಬುದ್ಧಿಮಾತನ್ನು ಗಂಟು ಕಟ್ಟಿಕೊಂಡು ಹೋಗಿದ್ದಾಳಲ್ಲ ಈ ಮಹಾತಾಯಿ! ಇಂಥವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು ಲಾಳಿ ಹಾಕುವುದನ್ನು ಕಲಿಸಿದೆನಲ್ಲ ಎಂದು ಗಂಗಲಕ್ಷ್ಮಿಗೆ ತನ್ನ ಮೇಲೇ ಸಿಟ್ಟು ಬಂತು. ಸ್ವಂತ ತಂಗಿಯೆಂದೇ ತಿಳಿದಿದ್ದಳು ಅವಳನ್ನು.

“ತಪ್ಪಾತು ಅನ್ನಾಕೆ ಫೋನ್ ಮಾಡಿದ್ಯಾ… ಅಲ್ವಾ? ಮತ್ಯಾಕೆ…”

“ಓಹೋ. ನಿಜ ಯಾರಿಗೂ ಹೇಳ್ಬ್ಯಾಡ ಅಂತಾ…”

“ಹೇಳಲ್ಲ ಬಿಡು. ನಾನಾಡಿದ ಮಾತನ್ನ ನಾನೇ ಸುಳ್ಳು ಅಂದ್ರೆ ಯಾರು ನಂಬ್ತಾರೆ? ಸೋಮವಾರ ಬಂದು ಕೂತ್ಕೋ… ಇಡಬ್ಯಾಡ, ಫೋನ್ ಇಡಬ್ಯಾಡ. ಒಂದೇ ಒಂದು ಕೇಳ್ತೀನಿ…”

“ಆ ಬತ್ತಿ ಅಂಟಿಸಿದ್ದು ಯಾರು… ಹಾಂ, ಗೊತ್ತು ನಂಗೆ. ಗೊತ್ತಿದ್ರೂ ನಿನ್ ಬಾಯಲ್ಲಿ ಕೇಳ್ಬೇಕು. ಮನೇಲಿ ನಾನೊಬ್ಳೇ ಇದ್ದೀನಿ, ಯಾರಿಗೂ ಕೇಳ್ಸಲ್ಲ. ನಂಗೊಬ್ಳಿಗೆ ಹೇಳು, ಸಾಕು…”

ಗಂಗಲಕ್ಷ್ಮಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಏನಂದೆ? ಜೋರಾಗಿ ಹೇಳು… ‘ನೀನೇ ಅಲ್ವಾ ಅಕ್ಕ’ ಅಂದ್ಯಾ… ನಾನಾ? ಸ್ವಪ್ನಾ, ನಾನಾ… ಹಲೋ… ಹಲೋ…”